ಗುರುಭಕ್ತಿ ಮತ್ತು ಗುರುವಿನ ನಡತೆ

ಧಾರ್ಮಿಕ ಸ್ಥಾನದಲ್ಲಿರುವ ವ್ಯಕ್ತಿಯ ವೈಯಕ್ತಿಕ ನಡತೆಯಲ್ಲಿ ಗಂಭೀರ ದೋಷ ಕಂಡುಬಂದಾಗ, ಅಥವಾ ಅಂತಹ ದೋಷದ ಆರೋಪ ಬಂದಾಗ, ಅವರ ಮೇಲಿನ ಗೌರವವನ್ನು ಉಳಿಸಿಕೊಳ್ಳಬಹುದೆ, ಉಳಿಸಿಕೊಂಡರೆ ಯಾವ ಮಟ್ಟಿಗೆ ಎಂಬುದು ಎಲ್ಲ ಧರ್ಮಗಳಲ್ಲಿಯೂ ಚರ್ಚೆಗೆ ಬಂದಿರುವ ನೈತಿಕ ಪ್ರಶ್ನೆ. ಗುರು, ಸ್ವಾಮೀಜಿ, ಆಚಾರ್ಯ, ಪಾದ್ರಿ, ಮೌಲ್ವಿ, ರಬ್ಬಿ ಮೊದಲಾದವರು ಉಪದೇಶಕರು ಮಾತ್ರವಲ್ಲ, ಅನುಯಾಯಿಗಳಿಗೆ ಆದರ್ಶಪುರುಷರೂ ಹೌದು. ಆದ್ದರಿಂದ ಅವರ ನಡತೆಯ ಪ್ರಶ್ನೆ ಅವರ ಉಪದೇಶ, ಅವರು ಕಟ್ಟಿದ ಸಂಸ್ಥೆ, ಅನುಯಾಯಿಗಳ ಆತ್ಮಗೌರವ ಮತ್ತು ತೊಂದರೆಗೊಳಗಾದವರ ನ್ಯಾಯ ಇವೆಲ್ಲವನ್ನೂ ಒಟ್ಟಿಗೆ ಮುಟ್ಟುತ್ತದೆ. ಕರ್ನಾಟಕದಲ್ಲಿ ಮಠಗಳು ಶಿಕ್ಷಣ, ಅನ್ನದಾಸೋಹ ಮತ್ತು ಸಮಾಜ ಸಂಘಟನೆಯಲ್ಲಿ ಬಹು ದೊಡ್ಡ ಪಾತ್ರ ವಹಿಸಿರುವುದರಿಂದ ಈ ಪ್ರಶ್ನೆಗೆ ಇಲ್ಲಿ ವಿಶೇಷ ತೂಕವಿದೆ.

ವ್ಯಾಪ್ತಿ

'ನಡತೆಯ ದೋಷ' ಎಂಬ ಮಾತನ್ನು ಸಾಮಾನ್ಯವಾಗಿ ಮೂರು ಬೇರೆ ಬೇರೆ ಸಂದರ್ಭಗಳಲ್ಲಿ ಬಳಸಲಾಗುತ್ತದೆ.

ಮೊದಲನೆಯದು ಪೂರ್ವಾಶ್ರಮದ ದೋಷ. ದೀಕ್ಷೆ ಪಡೆಯುವ ಮುನ್ನ ಅಥವಾ ಮನಃಪರಿವರ್ತನೆಗೆ ಮುನ್ನ ನಡೆದ ತಪ್ಪು ಇದು. ಬೇಡನಾಗಿದ್ದ ವಾಲ್ಮೀಕಿ ಋಷಿಯಾದ ಕಥೆ ಮತ್ತು ಜಿಪುಣ ವ್ಯಾಪಾರಿ ಶ್ರೀನಿವಾಸ ನಾಯಕ ಪುರಂದರದಾಸರಾದ ಐತಿಹ್ಯ ಈ ಬಗೆಯವು. ಇಲ್ಲಿ ಹಿಂದಿನ ದೋಷವು ಮುಂದಿನ ಹಿರಿಮೆಯನ್ನು ಎತ್ತಿ ತೋರಿಸುತ್ತದೆ.

ಎರಡನೆಯದು ಆಚಾರದ ಉಲ್ಲಂಘನೆ. ಸಂನ್ಯಾಸಿಯು ವ್ರತ ಮುರಿಯುವುದು, ವೈಭೋಗದಲ್ಲಿ ಬದುಕುವುದು ಮುಂತಾದವು ಇದಕ್ಕೆ ಸೇರುತ್ತವೆ. ಇದರಿಂದ ಅನುಯಾಯಿಗಳ ನಂಬಿಕೆಗೆ ಪೆಟ್ಟು ಬೀಳುತ್ತದೆ. ಆದರೆ ಮತ್ತೊಬ್ಬ ವ್ಯಕ್ತಿಗೆ ನೇರ ಹಾನಿ ಆಗಿಯೇ ಇರಬೇಕೆಂದಿಲ್ಲ.

ಮೂರನೆಯದು ಸ್ಥಾನವನ್ನು ಬಳಸಿಕೊಂಡು ಇನ್ನೊಬ್ಬರಿಗೆ ಮಾಡುವ ಅನ್ಯಾಯ. ಲೈಂಗಿಕ ದೌರ್ಜನ್ಯ, ಆಸ್ತಿಯ ಕಬಳಿಕೆ, ಬೆದರಿಕೆ ಮತ್ತು ಹಿಂಸೆ ಈ ಗುಂಪಿಗೆ ಸೇರುತ್ತವೆ. ಇಲ್ಲಿ ಹಾನಿಗೊಳಗಾದ ವ್ಯಕ್ತಿಯೊಬ್ಬರು ಇರುತ್ತಾರೆ, ಮತ್ತು ಅವರು ಹೆಚ್ಚಿನ ವೇಳೆ ಅದೇ ಗುರುವಿನ ಅನುಯಾಯಿಯೇ ಆಗಿರುತ್ತಾರೆ.

ಸಾರ್ವಜನಿಕ ಚರ್ಚೆಯಲ್ಲಿ ಈ ಮೂರನ್ನೂ ಒಂದೇ ಎಂಬಂತೆ ಬೆರೆಸುವುದುಂಟು. ಮೂರನೆಯ ಬಗೆಯ ಆರೋಪಕ್ಕೆ ಮೊದಲನೆಯ ಬಗೆಯ ಪುರಾಣಕಥೆಯನ್ನು ಉತ್ತರವಾಗಿ ಕೊಡುವುದು ಅದಕ್ಕೊಂದು ಉದಾಹರಣೆ.

ಸಂಸ್ಕೃತ ಗ್ರಂಥಗಳಲ್ಲಿ

ಗುರುವನ್ನು ದೈವಸಮಾನನೆಂದು ಹೇಳುವ ಪರಂಪರೆಯಲ್ಲಿಯೇ ಗುರುವಿನ ನಡತೆಯನ್ನು ಪ್ರತ್ಯೇಕಿಸಿ ನೋಡುವ ವಿವೇಕವೂ ಇದೆ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ವಿದ್ಯಾಭ್ಯಾಸ ಮುಗಿಸಿ ಹೊರಡುವ ಶಿಷ್ಯನಿಗೆ ಆಚಾರ್ಯನು ತಾಯಿ, ತಂದೆ, ಆಚಾರ್ಯ ಮತ್ತು ಅತಿಥಿಗಳನ್ನು ದೇವರೆಂದು ಭಾವಿಸುವಂತೆ ಬೋಧಿಸುತ್ತಾನೆ. ಅದೇ ಉಪದೇಶದಲ್ಲಿ, ತಮ್ಮಲ್ಲಿರುವ ಒಳ್ಳೆಯ ನಡತೆಗಳನ್ನು ಮಾತ್ರ ಅನುಸರಿಸಬೇಕು, ಉಳಿದವನ್ನಲ್ಲ ಎಂದೂ ತಿಳಿಸುತ್ತಾನೆ. ಗುರುವಿನಲ್ಲಿ ಅನುಸರಿಸಬಾರದ ನಡತೆಯೂ ಇರಬಹುದೆಂಬುದನ್ನು ಗುರುವೇ ಒಪ್ಪಿಕೊಂಡಂತಾಯಿತು.

ಮಹಾಭಾರತದ ಉದ್ಯೋಗಪರ್ವದಲ್ಲಿ ಅಂಬೆಯ ಪ್ರಸಂಗ ಬರುತ್ತದೆ. ಅಲ್ಲಿ ಭೀಷ್ಮನು ತನ್ನ ಗುರು ಪರಶುರಾಮನೊಡನೆ ಯುದ್ಧಕ್ಕೆ ನಿಲ್ಲಬೇಕಾಗುತ್ತದೆ. ಗುರುವೇ ಆದರೂ ಗರ್ವದಿಂದ ಕಾರ್ಯಾಕಾರ್ಯಗಳನ್ನು ಅರಿಯದೆ ದಾರಿ ತಪ್ಪಿದರೆ ಅವನನ್ನು ತ್ಯಜಿಸಬಹುದೆಂಬ ಹಳೆಯ ನೀತಿವಾಕ್ಯವನ್ನು ಭೀಷ್ಮನು ಆಗ ನೆನೆಯುತ್ತಾನೆ. ಹೀಗಿದ್ದರೂ ಅವನು ಯುದ್ಧಕ್ಕೆ ಮುನ್ನ ಗುರುವಿಗೆ ನಮಸ್ಕರಿಸುತ್ತಾನೆ. ವಿದ್ಯೆ ಕೊಟ್ಟ ಋಣವೂ ಗುರುವಿನ ತಪ್ಪಿಗೆ ಎದುರು ನಿಲ್ಲುವ ಕರ್ತವ್ಯವೂ ಒಬ್ಬನಲ್ಲಿಯೇ ಇರಬಹುದೆಂಬುದನ್ನು ಈ ಪ್ರಸಂಗ ತೋರಿಸುತ್ತದೆ.

ಕನ್ನಡ ಭಕ್ತಿ ಪರಂಪರೆಯಲ್ಲಿ

12ನೆಯ ಶತಮಾನದ ಶಿವಶರಣರ ಚಳವಳಿಯಲ್ಲಿ ನುಡಿ ಮತ್ತು ನಡೆ ಒಂದಾಗಿರಬೇಕೆಂಬುದು ಮುಖ್ಯ ತತ್ತ್ವ. ಅದೇ ಪರಂಪರೆಯ ಅಷ್ಟಾವರಣಗಳಲ್ಲಿ ಗುರು, ಲಿಂಗ, ಜಂಗಮ ಇವು ಮೊದಲ ಮೂರು. ಪಾದೋದಕ ಮತ್ತು ಪ್ರಸಾದಗಳೂ ಇವುಗಳಿಗೆ ಸಂಬಂಧಿಸಿದವೇ. ಹೀಗಾಗಿ ಗುರು ಮತ್ತು ಜಂಗಮರ ಮೇಲಿನ ಪೂರ್ಣ ಭಕ್ತಿ ಒಂದು ಕಡೆ, ಅವರ ನಡೆಯನ್ನು ಒರೆಗೆ ಹಚ್ಚುವ ನಿಷ್ಠುರತೆ ಇನ್ನೊಂದು ಕಡೆ ಎರಡೂ ಆರಂಭದಿಂದಲೇ ಜೊತೆಗಿವೆ.

ಭಕ್ತಿಯ ತುತ್ತತುದಿಯನ್ನು ತೋರಿಸುವ ಕಥೆ ಮಿಂಡ ಜಂಗಮರದು. 13ನೆಯ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬಸವಪುರಾಣವನ್ನು ರಚಿಸಿದನು. ಅದನ್ನು ಆಧರಿಸಿ ಭೀಮಕವಿಯು 1369ರಲ್ಲಿ ಕನ್ನಡ ಬಸವಪುರಾಣವನ್ನು ಬರೆದನು. ಈ ಪರಂಪರೆಯ ಪ್ರಕಾರ ಕಲ್ಯಾಣದಲ್ಲಿ ವೇಶ್ಯೆಯರ ಮನೆಗಳಲ್ಲಿ ಇರುತ್ತಿದ್ದ 12,000 ಮಿಂಡ ಜಂಗಮರಿದ್ದರು. ಬಸವಣ್ಣನು ಅವರನ್ನೂ ಶಿವಸ್ವರೂಪಿಗಳೆಂದೇ ಸತ್ಕರಿಸುತ್ತಿದ್ದನು. ಜಂಗಮ ವೇಷವನ್ನು ಕಂಡ ಮೇಲೆ ಅದನ್ನು ಧರಿಸಿದವನ ನಡತೆಯನ್ನು ವಿಚಾರಿಸದಿರುವುದೇ ಭಕ್ತಿಯ ಪರಾಕಾಷ್ಠೆ ಎಂಬುದು ಈ ಕಥೆಯ ಅಭಿಪ್ರಾಯ. ಕಥೆಯ ಕೇಂದ್ರದಲ್ಲಿರುವುದು ಜಂಗಮರ ಗುಣವಲ್ಲ, ಬಸವಣ್ಣನ ಭಕ್ತಿಯ ಪರೀಕ್ಷೆ ಎಂಬುದನ್ನು ಗಮನಿಸಬೇಕು.

ಹಂಪೆಯ ಹರಿಹರನ ನಂಬಿಯಣ್ಣನ ರಗಳೆಯೂ ಈ ವಿಷಯಕ್ಕೆ ಸಂಬಂಧಿಸಿದ ಕೃತಿ. ತಮಿಳು ಶೈವರ ಸುಂದರರ್ ಇಲ್ಲಿ ನಂಬಿಯಣ್ಣನಾಗಿ ಬರುತ್ತಾನೆ. ಅವನು ಭೋಗವನ್ನು ಬಿಡದೆಯೇ ಶಿವನಿಗೆ ಆಪ್ತನಾದವನು. ಅವನ ಪ್ರಣಯಕ್ಕೆ ಶಿವನೇ ದೂತನಾಗಿ ಓಡಾಡುತ್ತಾನೆ. ಆದರೆ ಈ ಭಕ್ತನ ಕಥಾಪರಂಪರೆಯಲ್ಲಿ ಇನ್ನೊಂದು ಭಾಗವೂ ಇದೆ. ತನ್ನನ್ನು ನಂಬಿದ ಹೆಣ್ಣಿಗೆ ಕೊಟ್ಟ ಮಾತನ್ನು ಮುರಿದಾಗ ಅವನು ಕಣ್ಣುಗಳನ್ನೇ ಕಳೆದುಕೊಳ್ಳುತ್ತಾನೆ. ದೇವರ ಸ್ನೇಹವೂ ಅವನನ್ನು ಆ ಶಿಕ್ಷೆಯಿಂದ ಪಾರುಮಾಡುವುದಿಲ್ಲ.

ನಿಷ್ಠುರ ವಿಮರ್ಶೆಯ ಧಾರೆಯಲ್ಲಿ ಅಂಬಿಗರ ಚೌಡಯ್ಯನ ವಚನಗಳು ಪ್ರಸಿದ್ಧವಾಗಿವೆ. ಬರಿಯ ವೇಷ ಧರಿಸಿ ಪೂಜೆಗೊಳ್ಳುವ ಗುರುಗಳನ್ನೂ, ವಿಚಾರಿಸದೆ ಅವರ ಕಾಲಿಗೆರಗುವ ಶಿಷ್ಯರನ್ನೂ ಅವನು ಒಂದೇ ಸಮನೆ ಖಂಡಿಸುತ್ತಾನೆ. ಮುಂದೆ ಸರ್ವಜ್ಞನ ತ್ರಿಪದಿಗಳಲ್ಲಿಯೂ ಹರಿದಾಸರ ಕೀರ್ತನೆಗಳಲ್ಲಿಯೂ ಡಂಭಾಚಾರದ ಟೀಕೆ ಧಾರಾಳವಾಗಿ ದೊರೆಯುತ್ತದೆ. ಆದ್ದರಿಂದ ಗುರುವನ್ನು ಪ್ರಶ್ನಿಸುವುದು ಹೊರಗಿನಿಂದ ಬಂದ ಆಧುನಿಕ ರೂಢಿ ಎಂಬ ಹೇಳಿಕೆಗೆ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಆಧಾರವಿಲ್ಲ.

ವಿಜಯನಗರ ಜಿಲ್ಲೆಯ ತಾಲ್ಲೂಕುಗಳಲ್ಲಿ

2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರಚನೆಯಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಮಠ, ಜಾತ್ರೆ ಮತ್ತು ಗದ್ದುಗೆಗಳ ಪ್ರದೇಶ. ವ್ಯಕ್ತಿ, ಸ್ಥಾನ ಮತ್ತು ತತ್ತ್ವ ಇವುಗಳನ್ನು ಜನಪದರು ಹೇಗೆ ಪ್ರತ್ಯೇಕಿಸಿ ನೋಡುತ್ತಾರೆಂಬುದಕ್ಕೆ ಇಲ್ಲಿ ಹಲವು ನಿದರ್ಶನಗಳಿವೆ.

ಕೊಟ್ಟೂರಿನ ಗುರು ಕೊಟ್ಟೂರೇಶ್ವರರು ಈ ಭಾಗದಲ್ಲಿ ಅತಿ ಹೆಚ್ಚು ಭಕ್ತರನ್ನು ಹೊಂದಿರುವ ಗುರುಪುರುಷರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ, ಕೂಲಹಳ್ಳಿಯ ಮದ್ದಾನೇಶ್ವರ, ಅರಸಿಕೆರೆಯ ಕೋಲಶಾಂತೇಶ್ವರ ಮೊದಲಾದವರೊಡನೆ ಅವರನ್ನು ಪಂಚಗಣಾಧೀಶರಲ್ಲಿ ಒಬ್ಬರೆಂದು ಭಾವಿಸಲಾಗುತ್ತದೆ. ಐತಿಹ್ಯಗಳು ಇವರನ್ನು ನೆನೆಯುವುದು ಕೆರೆ ಕಟ್ಟಿಸಿದವರೆಂದು, ದುಡಿಮೆಗೆ ತಕ್ಕ ಪ್ರತಿಫಲ ಸಲ್ಲಬೇಕೆಂದವರೆಂದು, ಬಡವರ ಪಕ್ಷ ವಹಿಸಿದವರೆಂದು. ಇವರ ಪೂಜೆ ನಡೆಯುವುದು ಗದ್ದುಗೆಗೆ. ಗದ್ದುಗೆಯ ಗುರುವು ಪೂರ್ಣಗೊಂಡ ಜೀವನವೊಂದರ ನೆನಪು. ಆತನ ಹೆಸರಿನ ಮೇಲೆ ಹೊಸ ಕಳಂಕ ಬರುವ ಸಂಭವ ಕಡಿಮೆ. ಜೀವಂತ ಪೀಠಾಧಿಪತಿಯ ವಿಷಯ ಹಾಗಲ್ಲ. ಗದ್ದುಗೆಗೆ ಸಲ್ಲುವ ಭಕ್ತಿಯೇ ಪೀಠದ ಮೂಲಕ ಅವರಿಗೂ ಹರಿದುಬರುತ್ತದೆ, ಆದರೆ ಅವರ ಜೀವನ ಇನ್ನೂ ನಡೆಯುತ್ತಿರುತ್ತದೆ.

ಕೊಟ್ಟೂರು ಪ್ರತ್ಯೇಕ ತಾಲ್ಲೂಕಾಗುವ ಮುನ್ನ ಕೂಡ್ಲಿಗಿಗೆ ಸೇರಿದ್ದ ಉಜ್ಜಿನಿಯು ವೀರಶೈವ ಪಂಚಪೀಠಗಳಲ್ಲಿ ಒಂದರ ನೆಲೆ. ಮರುಳಸಿದ್ಧೇಶ್ವರ ದೇವಾಲಯದ ಶಿಖರಕ್ಕೆ ಎಣ್ಣೆ ಎರೆಯುವ ಶಿಖರ ತೈಲಾಭಿಷೇಕಕ್ಕೆ ಅದು ಹೆಸರಾಗಿದೆ. ಇಂತಹ ಪೀಠಗಳಲ್ಲಿ ಪಟ್ಟಕ್ಕೆ ಬಂದವರು ಬದಲಾದರೂ ಪೀಠವು ಅಖಂಡವೆಂಬ ಭಾವನೆ ಇದೆ. ಅಡ್ಡಪಲ್ಲಕ್ಕಿಯ ಗೌರವ ಸಲ್ಲುವುದು ಪೀಠಕ್ಕೆ, ಕುಳಿತ ವ್ಯಕ್ತಿಗಲ್ಲ ಎಂದು ಪರಂಪರಾವಾದಿಗಳು ವಿವರಿಸುತ್ತಾರೆ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ವೇಳೆ ಗೊರವಯ್ಯನು ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ. ಆ ಕ್ಷಣದ ನುಡಿ ಮೈಲಾರಲಿಂಗೇಶ್ವರನದೆಂದು ಲಕ್ಷಾಂತರ ಜನ ನಂಬುತ್ತಾರೆ. ಬಿಲ್ಲಿನಿಂದ ಇಳಿದ ಮೇಲೆ ಗೊರವಯ್ಯನ ಪ್ರತಿಯೊಂದು ಮಾತೂ ದೈವವಾಣಿಯಾಗುವುದಿಲ್ಲ. ದೈವತ್ವವನ್ನು ನಿರ್ದಿಷ್ಟ ಹೊತ್ತು ಮತ್ತು ನಿರ್ದಿಷ್ಟ ಕಾರ್ಯಕ್ಕೆ ಸೀಮಿತಗೊಳಿಸುವ ಈ ಕ್ರಮದಲ್ಲಿ, ವ್ಯಕ್ತಿಯನ್ನು ಎಲ್ಲ ವೇಳೆಯೂ ಪ್ರಶ್ನಾತೀತನೆಂದು ಕಾಣುವ ಅಗತ್ಯ ಬರುವುದಿಲ್ಲ.

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಉದಾಹರಣೆ ಇನ್ನೊಂದು ಬಗೆಯದು. ಇಲ್ಲಿಯ ಉಚ್ಚಂಗೆಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವ ಪದ್ಧತಿ ಬಹುಕಾಲ ನಡೆದಿತ್ತು. ಕರ್ನಾಟಕ ದೇವದಾಸಿ (ಸಮರ್ಪಣೆ ನಿಷೇಧ) ಅಧಿನಿಯಮವನ್ನು 1982ರಲ್ಲಿ ರೂಪಿಸಲಾಯಿತು. ಆ ನಂತರ ಸರ್ಕಾರ, ಸಂಘಟನೆಗಳು ಮತ್ತು ಮಾಜಿ ದೇವದಾಸಿಯರೇ ಜಾಗೃತಿ ಕಾರ್ಯದಲ್ಲಿ ತೊಡಗಿದರು. ದೇವಿಯ ಮೇಲಿನ ಭಕ್ತಿಯನ್ನು ಉಳಿಸಿಕೊಂಡೇ ದೇವಿಯ ಹೆಸರಿನ ಅನ್ಯಾಯವನ್ನು ತಿರಸ್ಕರಿಸಿದ ಮಹಿಳೆಯರು ಈ ಐದೂ ತಾಲ್ಲೂಕುಗಳಲ್ಲಿ ಇದ್ದಾರೆ. ನಂಬಿಕೆಯನ್ನು ಬಿಡದೆ ತಪ್ಪನ್ನು ತಪ್ಪೆಂದು ಹೇಳುವುದು ಸಾಧ್ಯವೆಂಬುದಕ್ಕೆ ಇದು ಹತ್ತಿರದ ನಿದರ್ಶನ.

ಆಧುನಿಕ ಸಾಹಿತ್ಯ ಮತ್ತು ಪತ್ರಿಕೋದ್ಯಮದಲ್ಲಿ

ಭಾರತದಲ್ಲಿ ಈ ವಿಷಯ ಆಧುನಿಕ ನ್ಯಾಯಾಲಯದ ಮುಂದೆ ಬಂದ ಮೊದಲ ಪ್ರಸಿದ್ಧ ಪ್ರಕರಣ ಮುಂಬಯಿಯ ಮಹಾರಾಜ ಮಾನಹಾನಿ ಮೊಕದ್ದಮೆ. ವೈಷ್ಣವ ಸಂಪ್ರದಾಯವೊಂದರ ಮಹಾರಾಜರು ಭಕ್ತ ಸ್ತ್ರೀಯರೊಡನೆ ಅನೈತಿಕವಾಗಿ ನಡೆದುಕೊಳ್ಳುತ್ತಾರೆಂದು ಗುಜರಾತಿ ಪತ್ರಕರ್ತ ಕರ್ಸನ್‌ದಾಸ್ ಮೂಲ್ಜಿ 1860ರಲ್ಲಿ ಬರೆದರು. ಜದುನಾಥಜಿ ಮಹಾರಾಜರು 50,000 ರೂಪಾಯಿ ಪರಿಹಾರ ಕೇಳಿ ದಾವೆ ಹೂಡಿದರು. 1862ರಲ್ಲಿ ತೀರ್ಪು ಪತ್ರಕರ್ತರ ಪರವಾಗಿ ಬಂದಿತು. ಮೂಲ್ಜಿಯವರೂ ಅದೇ ಸಂಪ್ರದಾಯದ ಕುಟುಂಬದವರಾಗಿದ್ದುದು ಗಮನಾರ್ಹ.

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಪ್ರಕಟವಾಯಿತು. ಬಾಲವಿಧವೆಯಾದ ಇಂದಿರೆಯನ್ನು ಸಂತಮಂಡಳಿಯ ಸೇವೆಗೆ ತೊಡಗಿಸಲು ಆಕೆಯ ಹೆತ್ತವರೇ ಮುಂದಾಗುತ್ತಾರೆ. ಆ ಸಂತರ ಕಪಟವನ್ನು ಅರಿತ ಆಕೆ ಮನೆ ಬಿಟ್ಟು ಹೊರಬಂದು ವಿದ್ಯೆ ಕಲಿಯುತ್ತಾಳೆ. ಭಕ್ತರ ಕುರುಡು ನಂಬಿಕೆಯ ಬೆಲೆಯನ್ನು ಮನೆಯ ಹೆಣ್ಣುಮಗಳು ತೆರಬೇಕಾಗುತ್ತದೆಂಬುದನ್ನು ಕನ್ನಡ ಕಾದಂಬರಿ ತನ್ನ ಹುಟ್ಟಿನಲ್ಲಿಯೇ ಗುರುತಿಸಿತ್ತು. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965) ಬೇರೊಂದು ಮುಖವನ್ನು ತೋರಿಸುತ್ತದೆ. ಅಲ್ಲಿಯ ಪ್ರಾಣೇಶಾಚಾರ್ಯರು ಅಗ್ರಹಾರದ ಪೂಜ್ಯ ವಿದ್ವಾಂಸರು. ತಾವೇ ಆಚಾರ ಮೀರಿದ ಮೇಲೆ ಜನರ ಗೌರವವನ್ನು ಹೇಗೆ ಸ್ವೀಕರಿಸುವುದೆಂಬುದು ಅವರ ಸಂಕಟ. ಪೂಜಿಸಿಕೊಳ್ಳುವವನ ಒಳತೋಟಿಯನ್ನು ಇಷ್ಟು ಆಳವಾಗಿ ಚಿತ್ರಿಸಿದ ಕೃತಿಗಳು ವಿರಳ.

ಇತ್ತೀಚಿನ ಪ್ರಕರಣಗಳು

ಮೇಲಿನ ಐದು ತಾಲ್ಲೂಕುಗಳ ನೆರೆಯ ಚಿತ್ರದುರ್ಗದಲ್ಲಿರುವ ಮುರುಘಾಮಠವು ಮಧ್ಯ ಕರ್ನಾಟಕದ ಪ್ರಭಾವಿ ಮಠ. ಹಿಂದಿನ ಪೀಠಾಧಿಪತಿಗಳಾದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು ವಿದ್ಯಾರ್ಥಿಗಳ ಉಚಿತ ಪ್ರಸಾದ ನಿಲಯಗಳಿಗಾಗಿ ಸ್ಮರಣೀಯರು. ನಂತರದ ಪೀಠಾಧಿಪತಿ ಶಿವಮೂರ್ತಿ ಮುರುಘಾ ಶರಣರು ಸರಳ ಸಾಮೂಹಿಕ ವಿವಾಹ, ಅಂತರ್ಜಾತಿ ವಿವಾಹಕ್ಕೆ ಬೆಂಬಲ, ಹಿಂದುಳಿದ ಸಮುದಾಯಗಳ ಮಠಗಳಿಗೆ ಪ್ರೋತ್ಸಾಹ ಮತ್ತು ಬಸವಶ್ರೀ ಪ್ರಶಸ್ತಿಯ ಮೂಲಕ ಪ್ರಗತಿಪರರೆಂದು ಹೆಸರಾದರು. ಮಠದ ವಿದ್ಯಾರ್ಥಿನಿಲಯದಲ್ಲಿದ್ದ ಬಾಲಕಿಯರ ದೂರಿನ ಮೇಲೆ ಆಗಸ್ಟ್ 2022ರಲ್ಲಿ ಮೈಸೂರಿನಲ್ಲಿ ಅವರ ವಿರುದ್ಧ ಪೋಕ್ಸೊ ಪ್ರಕರಣ ದಾಖಲಾಯಿತು. ಸೆಪ್ಟೆಂಬರ್ 1ರಂದು ಅವರ ಬಂಧನವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮತ್ತೊಂದು ಪ್ರಕರಣವೂ ದಾಖಲಾಯಿತು. ಅವರು ಆರೋಪಗಳನ್ನು ನಿರಾಕರಿಸಿದರು. ನವೆಂಬರ್ 2025ರಲ್ಲಿ ಚಿತ್ರದುರ್ಗದ ನ್ಯಾಯಾಲಯವು ಮೊದಲ ಪ್ರಕರಣದಲ್ಲಿ ಅವರನ್ನು ಖುಲಾಸೆಗೊಳಿಸಿತು.

ದೂರು ಮತ್ತು ತೀರ್ಪಿನ ನಡುವಿನ ಮೂರು ವರ್ಷಗಳಲ್ಲಿ ಜನರು ನಡೆದುಕೊಂಡ ರೀತಿ ಈ ವಿಷಯದ ಅಧ್ಯಯನಕ್ಕೆ ಮುಖ್ಯವಾದುದು. ಭಕ್ತರಲ್ಲಿ ಕೆಲವರು ಇದು ಸಂಚೆಂದು ಮೊದಲ ದಿನವೇ ನಿರ್ಣಯಿಸಿದರು. ಇನ್ನು ಕೆಲವರು ಅಪರಾಧ ನಡೆದಿದೆಯೆಂದು ಅಷ್ಟೇ ಬೇಗ ನಿರ್ಣಯಿಸಿದರು. ಮೂರನೆಯ ಗುಂಪಿನವರು ತೀರ್ಪು ಬರುವವರೆಗೆ ಪೀಠದ ಅಧಿಕಾರದಿಂದ ದೂರವಿರಬೇಕೆಂದು ಕೇಳಿದರು. ಪತ್ರಕರ್ತ ಪಿ. ಸಾಯಿನಾಥ್ ತಮಗೆ ಸಂದಿದ್ದ ಬಸವಶ್ರೀ ಪ್ರಶಸ್ತಿಯನ್ನು ಹಿಂದಿರುಗಿಸುವುದಾಗಿ 2022ರಲ್ಲಿಯೇ ಪ್ರಕಟಿಸಿದರು.

ಬಿಡದಿಯ ಆಶ್ರಮದ ನಿತ್ಯಾನಂದ 2010ರಲ್ಲಿ ಬಂಧನಕ್ಕೊಳಗಾಗಿ ಜಾಮೀನು ಪಡೆದರು. ಅತ್ಯಾಚಾರ ಆರೋಪದ ವಿಚಾರಣೆ ಮುಗಿಯುವ ಮುನ್ನವೇ ದೇಶ ಬಿಟ್ಟರು. ಆದರೂ ಅವರ ಅನುಯಾಯಿ ಬಳಗ ಕರಗಲಿಲ್ಲ. ಸಿರ್ಸಾದ ಗುರ್ಮೀತ್ ರಾಮ್ ರಹೀಮ್ ಆಗಸ್ಟ್ 2017ರಲ್ಲಿ ಅಪರಾಧಿ ಎಂದು ಸಾಬೀತಾದಾಗ ಪಂಚಕುಲಾದಲ್ಲಿ ನಡೆದ ಹಿಂಸಾಚಾರದಲ್ಲಿ 30ಕ್ಕೂ ಹೆಚ್ಚು ಜನ ಸತ್ತರು. ಆಸಾರಾಂ ಬಾಪು ಅವರಿಗೆ ಜೋಧಪುರದ ನ್ಯಾಯಾಲಯ ಏಪ್ರಿಲ್ 2018ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಇದಕ್ಕೆ ವ್ಯತಿರಿಕ್ತವಾಗಿ ಕೊಲೆ ಆರೋಪದ ಮೇಲೆ 2004ರಲ್ಲಿ ಬಂಧಿತರಾಗಿದ್ದ ಕಂಚಿಯ ಜಯೇಂದ್ರ ಸರಸ್ವತಿಯವರು 2013ರಲ್ಲಿ ಖುಲಾಸೆಗೊಂಡರು. ಆರೋಪವೇ ಅಪರಾಧವಲ್ಲ, ಪೂಜ್ಯತೆಯು ನಿರಪರಾಧಿತ್ವದ ಸಾಕ್ಷಿಯೂ ಅಲ್ಲ ಎಂಬ ಎರಡೂ ಪಾಠಗಳು ಈ ಪ್ರಕರಣಗಳಲ್ಲಿವೆ.

ಗೌರವ ಉಳಿಸಿಕೊಳ್ಳುವವರ ವಾದಗಳು

ಒಂದು, ಕಾರ್ಯದ ವಾದ. ಶಾಲೆ ಕಟ್ಟಿಸಿ, ಸಾವಿರಾರು ಬಡ ಮಕ್ಕಳಿಗೆ ಅನ್ನ ಮತ್ತು ಅಕ್ಷರ ನೀಡಿದವರ ಸೇವೆಯು ಒಂದು ದೋಷದಿಂದ ಅಳಿಯುವುದಿಲ್ಲ ಎಂಬುದು ಇದರ ತಿರುಳು. ಮಳೆಯನ್ನೇ ನಂಬಿದ ಬಡ ಊರುಗಳಲ್ಲಿ ಮಠದ ಪ್ರಸಾದ ನಿಲಯದಿಂದಲೇ ಓದಿ ಮುಂದೆ ಬಂದವರಿಗೆ ಈ ವಾದ ಬರಿಯ ತರ್ಕವಲ್ಲ, ಅನುಭವ.

ಎರಡು, ಉಪದೇಶದ ವಾದ. ತತ್ತ್ವವು ಹೇಳಿದವನ ನಡತೆಯನ್ನು ಅವಲಂಬಿಸುವುದಿಲ್ಲ. ಕೆಸರಿನಲ್ಲಿ ಹುಟ್ಟಿದರೂ ತಾವರೆ ಪೂಜೆಗೆ ಸಲ್ಲುತ್ತದೆ ಎಂಬ ಲೋಕರೂಢಿಯ ಹೋಲಿಕೆಯನ್ನು ಇಲ್ಲಿ ಕೊಡುತ್ತಾರೆ.

ಮೂರು, ಪೀಠದ ವಾದ. ವ್ಯಕ್ತಿ ಬರುತ್ತಾನೆ, ಹೋಗುತ್ತಾನೆ, ಪೀಠ ಉಳಿಯುತ್ತದೆ. ಆದ್ದರಿಂದ ಪೀಠದ ಮಾನ ಕಾಪಾಡುವುದು ಭಕ್ತರ ಕರ್ತವ್ಯ.

ನಾಲ್ಕು, ಲೀಲೆಯ ವಾದ. ಮಹಾತ್ಮರ ನಡೆ ಸಾಮಾನ್ಯರ ಅಳತೆಗೆ ಸಿಗುವುದಿಲ್ಲ ಎಂಬುದು ಇದು.

ವಿಮರ್ಶೆ

ಇವುಗಳಲ್ಲಿ ನಾಲ್ಕನೆಯ ವಾದವು ಅತ್ಯಂತ ದುರ್ಬಲವೆಂದು ವಿಮರ್ಶಕರು ಹೇಳುತ್ತಾರೆ. ಪುರಾಣದ ಕಥೆಯಲ್ಲಿ ಮಹಾತ್ಮನ ವಿಲಕ್ಷಣ ನಡೆ ಕೊನೆಗೆ ದೈವಮಹಿಮೆಯಾಗಿ ತೆರೆದುಕೊಳ್ಳುತ್ತದೆ. ಅಲ್ಲಿ ನೊಂದವರು ಉಳಿಯುವುದಿಲ್ಲ. ನಿಜಜೀವನದಲ್ಲಿ ನೊಂದವರು ಉಳಿದಿರುತ್ತಾರೆ. ಮಿಂಡ ಜಂಗಮರ ಕಥೆಯಲ್ಲಿ ಬಸವಣ್ಣನು ತನ್ನದನ್ನು ಕೊಟ್ಟು ತನ್ನ ಭಕ್ತಿಯನ್ನು ಪರೀಕ್ಷೆಗೆ ಒಡ್ಡಿದನು. ಇನ್ನೊಬ್ಬರ ಮಗುವಿನ ಸುರಕ್ಷತೆಯನ್ನು ಪಣವಾಗಿಟ್ಟು ತನ್ನ ಭಕ್ತಿಯನ್ನು ಮೆರೆಸುವುದಕ್ಕೆ ಆ ಕಥೆ ಸಮರ್ಥನೆಯಾಗದು.

ಪೀಠದ ವಾದವನ್ನು ಎರಡೂ ಕಡೆಗೆ ತಿರುಗಿಸಬಹುದು. ವ್ಯಕ್ತಿಗಿಂತ ಪೀಠ ದೊಡ್ಡದಾದರೆ ಪೀಠದ ಮಾನ ಉಳಿಸಲು ವ್ಯಕ್ತಿಯನ್ನು ಇಳಿಸುವುದೂ ಧರ್ಮವೇ ಆಗುತ್ತದೆ. ವಾಸ್ತವದಲ್ಲಿ ಪೀಠದ ಮಾನದ ಹೆಸರಿನಲ್ಲಿ ದೂರನ್ನು ಮುಚ್ಚಿಡುವುದೇ ಹೆಚ್ಚು. ಕಾರ್ಯದ ವಾದದಲ್ಲಿಯೂ ಒಂದು ತೊಡಕಿದೆ. ಅನ್ನ ಮತ್ತು ಅಕ್ಷರ ನೀಡಿದ ಸಂಸ್ಥೆಯ ಋಣವೇ ಅಲ್ಲಿ ನೊಂದ ಮಗುವಿನ ಬಾಯಿ ಕಟ್ಟುತ್ತದೆ. ದೂರು ಕೊಟ್ಟರೆ ನಿಲಯದ ಜಾಗ ಹೋಗುವ ಭಯ, ಮಗಳ ಮದುವೆಯ ಚಿಂತೆ, ಸಮುದಾಯದಲ್ಲಿ ಒಂಟಿಯಾಗುವ ಆತಂಕ ಇವು ಬಡ ಕುಟುಂಬವನ್ನು ತಡೆಯುತ್ತವೆ. 'ಅಂತಹ ದೊಡ್ಡವರು ಹೀಗೆ ಮಾಡಿಯಾರೆ' ಎಂಬ ಮಾತು ನೊಂದವರ ಕಿವಿಗೆ 'ನೀನು ಸುಳ್ಳು ಹೇಳುತ್ತಿದ್ದೀಯೆ' ಎಂದೇ ಕೇಳಿಸುತ್ತದೆ.

ಈ ಗೊಂದಲದಲ್ಲಿ ಮೂರು ಬಗೆಯ ಭಾವಗಳನ್ನು ಬೇರ್ಪಡಿಸಿ ನೋಡುವುದು ಉಪಯುಕ್ತ. ಮೊದಲನೆಯದು ಕಲಿಕೆ: ಒಬ್ಬರ ಗ್ರಂಥ, ಹಾಡು ಅಥವಾ ವಿಚಾರದಿಂದ ಪ್ರಯೋಜನ ಪಡೆಯುವುದು. ಎರಡನೆಯದು ಸನ್ಮಾನ: ವೇದಿಕೆ, ಪ್ರಶಸ್ತಿ, ಭಾವಚಿತ್ರ, ಪಾದಪೂಜೆ. ಮೂರನೆಯದು ಒಪ್ಪಿಸುವಿಕೆ: ಮಕ್ಕಳನ್ನು, ಹಣವನ್ನು, ಏಕಾಂತದ ವಿಶ್ವಾಸವನ್ನು ಅವರ ಕೈಗೆ ಬಿಡುವುದು. ಕಲಿಕೆಯು ವ್ಯಕ್ತಿಯ ದೋಷ ಸಾಬೀತಾದ ಮೇಲೂ ವಿವೇಕದಿಂದ ಮುಂದುವರಿಯಬಹುದು. ಸನ್ಮಾನವನ್ನು ಸತ್ಯ ತಿಳಿಯುವವರೆಗೆ ತಡೆಹಿಡಿದರೆ ಯಾರಿಗೂ ಅನ್ಯಾಯವಾಗುವುದಿಲ್ಲ. ಒಪ್ಪಿಸುವಿಕೆಯನ್ನು ಮಾತ್ರ ಗಂಭೀರ ದೂರು ಬಂದೊಡನೆ ನಿಲ್ಲಿಸಬೇಕು. ಅದು ಶಿಕ್ಷೆಯಲ್ಲ, ಎಚ್ಚರ. ಆರೋಪ ಸುಳ್ಳಾದರೆ ಸನ್ಮಾನ ಮರಳಿ ಸಲ್ಲುತ್ತದೆ. ಆರೋಪ ನಿಜವಾಗಿದ್ದರೆ, ಮಗುವಿಗಾದ ಹಾನಿ ಮರಳಿ ಸರಿಹೋಗುವುದಿಲ್ಲ.

ಇತರ ಧರ್ಮಗಳಲ್ಲಿ

ಯೆಹೂದಿ ಧರ್ಮದ ತಾಲ್ಮುದ್ ಗ್ರಂಥದಲ್ಲಿ ಈ ಪ್ರಶ್ನೆಗೆ ಎರಡು ದಿಕ್ಕಿನ ಉತ್ತರಗಳಿವೆ. ಮಹಾಪಂಡಿತನಾಗಿದ್ದ ಎಲಿಷಾ ಬೆನ್ ಅಬುಯಾ ಧರ್ಮಮಾರ್ಗವನ್ನು ತೊರೆದನು. ಅವನ ಶಿಷ್ಯ ರಬ್ಬಿ ಮೇಯಿರ್ ಅವನಿಂದ ಕಲಿಯುವುದನ್ನು ಬಿಡಲಿಲ್ಲ; ದಾಳಿಂಬೆಯ ಕಾಳು ತಿಂದು ಸಿಪ್ಪೆ ಎಸೆದವನಂತೆ ನಡೆದುಕೊಂಡನೆಂದು ಅಲ್ಲಿ ಸಮರ್ಥಿಸಲಾಗಿದೆ. ಇನ್ನೊಂದೆಡೆ, ಕೆಟ್ಟ ಹೆಸರು ಬಂದ ಪಂಡಿತನೊಬ್ಬನ ಪ್ರಸಂಗವಿದೆ. ಅವನ ವಿದ್ಯೆ ಇತರರಿಗೆ ಅಗತ್ಯವಾಗಿತ್ತು. ಆದರೆ ಅವನನ್ನು ಸುಮ್ಮನೆ ಬಿಟ್ಟರೆ ದೇವರ ಹೆಸರಿಗೇ ಕಳಂಕ. ರಬ್ಬಿ ಯೆಹೂದ ಅವನಿಗೆ ಬಹಿಷ್ಕಾರ ವಿಧಿಸಿದನು. ಮೊದಲ ಪ್ರಸಂಗದಲ್ಲಿ ಕಲಿಯುವವನು ಒಬ್ಬ ಪ್ರೌಢ ವಿದ್ವಾಂಸ. ಎರಡನೆಯದರಲ್ಲಿ ಇಡೀ ಸಮುದಾಯದ ನಂಬಿಕೆಯ ಪ್ರಶ್ನೆ ಇದೆ. ಉತ್ತರಗಳು ಬೇರೆಯಾಗಿರುವುದಕ್ಕೆ ಈ ವ್ಯತ್ಯಾಸವನ್ನು ಕಾರಣವೆಂದು ತಿಳಿಯಬಹುದು.

ಇದೇ ಚರ್ಚೆ ರಬ್ಬಿ ಶ್ಲೋಮೋ ಕಾರ್ಲೆಬಾಕ್ (1925–1994) ವಿಷಯದಲ್ಲಿ ಮರಳಿ ಬಂದಿತು. ಅವರು ರಚಿಸಿದ ರಾಗಗಳು ಜಗತ್ತಿನ ಅನೇಕ ಸಿನಗಾಗ್‌ಗಳ ಪ್ರಾರ್ಥನೆಯಲ್ಲಿ ಬಳಕೆಯಲ್ಲಿವೆ. ಅವರ ಮರಣಾನಂತರ, 1998ರಲ್ಲಿ, ಹಲವು ಮಹಿಳೆಯರು ಅವರಿಂದ ತಮಗಾದ ಕಿರುಕುಳದ ಕುರಿತು ಮಾತನಾಡಿದ ಬರಹ ಅಮೆರಿಕದ 'ಲಿಲಿತ್' ಪತ್ರಿಕೆಯಲ್ಲಿ ಪ್ರಕಟವಾಯಿತು. ರಾಗಗಳನ್ನು ಹಾಡಬೇಕೆ ಬೇಡವೆ ಎಂಬ ಪ್ರಶ್ನೆಗೆ ಸಮುದಾಯಗಳು ಬೇರೆ ಬೇರೆ ಉತ್ತರ ಕಂಡುಕೊಂಡಿವೆ.

ಕ್ರೈಸ್ತ ಧರ್ಮದಲ್ಲಿ 4ನೆಯ ಮತ್ತು 5ನೆಯ ಶತಮಾನಗಳಲ್ಲಿ ನಡೆದ ಡೊನಾಟಿಸ್ಟ್ ವಿವಾದವು ಪಾದ್ರಿಯ ಅಯೋಗ್ಯತೆಯಿಂದ ಅವನು ನೀಡುವ ಸಂಸ್ಕಾರ ಕೆಡುತ್ತದೆಯೆ ಎಂಬುದನ್ನು ಕುರಿತದ್ದು. ಕೆಡುವುದಿಲ್ಲವೆಂಬ ಸಂತ ಅಗಸ್ಟೀನ್ ನಿಲುವು ಚರ್ಚಿನ ನಿಲುವಾಯಿತು. ಇದರಿಂದ ಭಕ್ತರಿಗೆ ನೆಮ್ಮದಿ ದೊರೆಯಿತು; ಆದರೆ ಅಯೋಗ್ಯನನ್ನು ಸ್ಥಾನದಲ್ಲಿ ಉಳಿಸಬೇಕೆಂಬುದು ಅದರ ಅರ್ಥವಲ್ಲ. ಬುದ್ಧಿಮಾಂದ್ಯರ ಸೇವೆಗಾಗಿ ಲಾರ್ಶ್ ಸಂಸ್ಥೆಯನ್ನು ಕಟ್ಟಿದ ಜ್ಯಾನ್ ವಾನಿಯೇ 2019ರಲ್ಲಿ ನಿಧನರಾದರು. ಅವರು ಹಲವು ಮಹಿಳೆಯರನ್ನು ಶೋಷಿಸಿದ್ದರೆಂಬ ವರದಿಯನ್ನು 2020ರಲ್ಲಿ ಆ ಸಂಸ್ಥೆಯೇ ಪ್ರಕಟಿಸಿತು. ಸ್ಥಾಪಕನ ಕೀರ್ತಿಗಿಂತ ನೊಂದವರ ಮಾತು ದೊಡ್ಡದೆಂದು ಸಂಸ್ಥೆಯೊಂದು ತಾನಾಗಿ ಒಪ್ಪಿದ ಈ ಉದಾಹರಣೆ ಅಪರೂಪದ್ದು.

ಕಾನೂನಿನ ನಿಲುವು

ಭಾರತದ ಕಾನೂನಿನಲ್ಲಿ ಧಾರ್ಮಿಕ ಸ್ಥಾನವು ರಿಯಾಯಿತಿಗೆ ಕಾರಣವಲ್ಲ. ಅಪರಾಧದ ಗಂಭೀರತೆಯನ್ನು ಹೆಚ್ಚಿಸುವ ಅಂಶ. ನವೆಂಬರ್ 14, 2012ರಂದು ಜಾರಿಗೆ ಬಂದ ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣೆ ಅಧಿನಿಯಮದ (ಪೋಕ್ಸೊ) 5ನೆಯ ಪ್ರಕರಣವು ಶೈಕ್ಷಣಿಕ ಅಥವಾ ಧಾರ್ಮಿಕ ಸಂಸ್ಥೆಯ ಆಡ಼ಳಿತದಲ್ಲಿರುವವರು ಇಲ್ಲವೆ ಸಿಬ್ಬಂದಿ ಆ ಸಂಸ್ಥೆಯ ಮಗುವಿನ ಮೇಲೆ ಎಸಗುವ ಕೃತ್ಯವನ್ನು ಉಗ್ರಸ್ವರೂಪದ ಅಪರಾಧಗಳಲ್ಲಿ ಸೇರಿಸಿದೆ. 19ನೆಯ ಪ್ರಕರಣದಂತೆ ಇಂತಹ ಅಪರಾಧ ನಡೆದಿರುವುದು ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದಿರುವುದು 21ನೆಯ ಪ್ರಕರಣದಡಿ ಶಿಕ್ಷಾರ್ಹ. ಮಠದ ಕಾರ್ಯದರ್ಶಿ, ನಿಲಯದ ಮೇಲ್ವಿಚಾರಕರು, ಶಾಲೆಯ ಶಿಕ್ಷಕರು ಯಾರೂ ಇದಕ್ಕೆ ಹೊರತಲ್ಲ. ಮಗುವಿನ ಹೆಸರು, ವಿಳಾಸ, ಭಾವಚಿತ್ರ, ಶಾಲೆ ಮುಂತಾದ ಗುರುತು ತಿಳಿಸುವ ವಿವರಗಳನ್ನು ಮಾಧ್ಯಮಗಳಲ್ಲಿ ಪ್ರಕಟಿಸುವುದನ್ನು 23ನೆಯ ಪ್ರಕರಣ ನಿಷೇಧಿಸುತ್ತದೆ.

ವಯಸ್ಕ ಮಹಿಳೆಯರ ವಿಷಯದಲ್ಲಿ, ವಿಶ್ವಾಸದ ಅಥವಾ ಅಧಿಕಾರದ ಸ್ಥಾನದಲ್ಲಿರುವವರು ಎಸಗುವ ಅತ್ಯಾಚಾರವನ್ನು 2013ರ ತಿದ್ದುಪಡಿಯು ಹೆಚ್ಚಿನ ಶಿಕ್ಷೆಯ ಗುಂಪಿಗೆ ಸೇರಿಸಿತು. ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು ಮುಂದುವರಿದಿದೆ. ಅಪರಾಧ ಸಾಬೀತಾಗುವವರೆಗೆ ಆರೋಪಿಯನ್ನು ನಿರಪರಾಧಿ ಎಂದು ಪರಿಗಣಿಸಬೇಕೆಂಬ ತತ್ತ್ವ ಇಲ್ಲಿಯೂ ಅನ್ವಯಿಸುತ್ತದೆ. ಸಂಕಟದಲ್ಲಿರುವ ಮಗು ಅಥವಾ ಮಗುವಿನ ಪರವಾಗಿ ಯಾರೇ ಆದರೂ 1098 ಮಕ್ಕಳ ಸಹಾಯವಾಣಿಗೆ ಶುಲ್ಕವಿಲ್ಲದೆ ಕರೆ ಮಾಡಬಹುದು. ತುರ್ತು ಸಂದರ್ಭದಲ್ಲಿ 112 ಸಂಖ್ಯೆಯನ್ನು ಬಳಸಬಹುದು.